ಕಾಕಾನ ಚಪ್ಪಲಿಯ ಬೀಜ

ಹದ ಮಾಡಿದ ತೊಗಲಿನ ವಾಸನೆ ಬಂದರೆ ಸಾಕು, ಇಂದಿಗೂ ಅಥಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮದು ಚಪ್ಪಲಿ ಹೊಲಿಯುವ ಮನೆ. ಗಂಡಸರ ಚಪ್ಪಲಿಯ ಅಟ್ಟೆಯೊಳಗೆ ಒಣಬೀಜ ಇಟ್ಟು ಹೊಲಿದರೆ ನಡೆಯುವಾಗ ಕರ್ ಕರ್ ಎನ್ನುತ್ತಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಹಾಗೆ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಕ್ಕ ಕಬಡ್ಡಿ ತಂಡದ ಆಯ್ಕೆಗೆ ಹೊರಟ ದಿನ ಅವಳ ಬೂಟನ್ನು ತೊಗಲು ನೆನೆಹಾಕುವ ಬಾನಿಗೆ ಎಸೆದವನೂ ಅವನೇ. “ಹೆಣ್ಮಕ್ಳು ಆಡಿ ಯಾವ ಪದಕ ತರಾವ್ರದೀರಿ?” ಎಂದಿದ್ದ.

ಆ ಮಧ್ಯಾಹ್ನ ಟಿವಿಯಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಫಲಿತಾಂಶ ಬಂತು. ಕಬಡ್ಡಿಯಲ್ಲಿ ಭಾರತದ ಹೆಂಗಸರಿಗೆ ಚಿನ್ನ. ಕಾಕಾ ಕಟ್ಟೆಯ ಮೇಲೆ ಮಲಗಿದ್ದ. ಅಕ್ಕ ಅವನ ಚಪ್ಪಲಿಯ ಹೊಲಿಗೆ ಬಿಚ್ಚಿ, ಬೀಜ ತೆಗೆದು, ಮತ್ತೆ ಹೊಲಿದಿಟ್ಟು, ಆ ಬೀಜವನ್ನು ತನ್ನ ಚಪ್ಪಲಿಯೊಳಗೆ ಹೊಲಿದಳು. ಕಟ್ಟೆಗೆ ಗಂಡಸರು ಬಂದು ಕೂತ ಮೇಲೆ ಅವರೆದುರು ಕರ್ ಕರ್ ಎಂದು ನಡೆದಳು.

“ಯಾರದಲೇ ಅದು ಸಪ್ಪಳ?” ಎಂದು ಎದ್ದ ಕಾಕಾ.

“ಬಂಗಾರದ ಪದಕದ್ದ ಕಾಕಾ. ಈಗರೆ ಕೇಳಸ್ತೇನ್ರಿ?”

ಹೊಡೆಯಲು ಚಪ್ಪಲಿ ಮೆಟ್ಟಿ ಓಡಿಬಂದ. ಸದ್ದೇ ಇಲ್ಲ. ಗಂಡಸರು ನಕ್ಕುಬಿಟ್ಟರು. ಆ ಜೋಡನ್ನು ಅವನು ಮತ್ತೆ ಮೆಟ್ಟಲಿಲ್ಲ.

ಆ ಕೂಟದಲ್ಲಿ ಭಾರತದ ಗಂಡಸರ ಕಬಡ್ಡಿ ತಂಡ ಸೋತಿತ್ತೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಪದಕಪಟ್ಟಿ ಹುಡುಕಿದರೆ ಅವರಿಗೂ ಚಿನ್ನವೇ. ಉಳಿದದ್ದೆಲ್ಲ ನನ್ನ ಕಲ್ಪನೆಯೇ ಎಂಬ ಅನುಮಾನ ಹತ್ತಿತು. ಕಾಕಾ ಸತ್ತ ಮೇಲೆ ಅಟ್ಟದಲ್ಲಿ ಆ ಜೋಡು ಸಿಕ್ಕಿತು. ಮೆಟ್ಟಿಕೊಂಡು ಅಂಗಳದಲ್ಲಿ ನಡೆದೆ. ಸಪ್ಪಳ ಬರಲಿಲ್ಲ.