ಹೊಸ್ತಿಲ ಬಳಿಯ ಚೂರು

“ಅಮೃತಶಿಲೆ! ಐಷಾರಾಮಿ ನೆಲ,” ಎನ್ನುತ್ತ, ಬೂಟಿನಲ್ಲೇ ಒಳಬಂದಿದ್ದ ತೆರಿಗೆ ಅಧಿಕಾರಿ ನೆಲ ತಟ್ಟಿ ಬರೆದುಕೊಂಡ. ಆ ಒಂದು ಮಾತಿಗೆ, ಅಮ್ಮ ಬಿಟ್ಟುಹೋದ ಎರಡು ಕೋಣೆಯ ಮನೆಯ ತೆರಿಗೆ ಮೂರು ಪಟ್ಟಾಯಿತು.

“ನಿನ್ನೆ ಉಜ್ಜಿ ಉಜ್ಜಿ ಒರೆಸಿದ್ದೇ ತಪ್ಪಾಯ್ತು ನೋಡು,” ಎಂದು ಅಕ್ಕ ಗೊಣಗಿದಳು. ಕಲ್ಲು ಹಾಸುವ ಕೆಲಸದ ತಮ್ಮನಿಗೆ ನಗು ಬರಲಿಲ್ಲ. ಅಷ್ಟು ಕಟ್ಟಬೇಕೆಂದರೆ ಮನೆಯನ್ನೇ ಮಾರಬೇಕು. “ಸಾರ್, ಇವು ಆ ದಿಬ್ಬದ ಬಂಗಲೆಯಲ್ಲಿ ಉಳಿದ ಚೂರುಪಾರು. ಅಲ್ಲಿ ಹನ್ನೆರಡು ಕೋಣೆಗೂ ಹಾಸಿದವನು ನಾನೇ. ಅಲ್ಲಿನ ಮಾಲೀಕರಿಗೂ ಅದು ಅಪ್ಪನಿಂದ ಬಂದ ಮನೆ. ಅವರಿಗೆಷ್ಟು ಹಾಕಿದೀರಿ?”

ಅಧಿಕಾರಿ ಪಟ್ಟಿ ತಿರುವಿದ. “ಅಲ್ಲಿರೋದು ಸಿಮೆಂಟ್ ನೆಲ. ಮಾಲೀಕರೇ ಬರೆದುಕೊಟ್ಟಿದಾರೆ.”

“ನೀವು ಹೋಗಿ ನೋಡಿದ್ರಾ?”

“ಅಂಥವರ ಮನೇಗೆ ನುಗ್ಗಿ ನೋಡೋಕಾಗುತ್ತೇನ್ರೀ?”

ತಮ್ಮ ಉಳಿ ತಂದು, ಹೊಸ್ತಿಲ ಬಳಿಯ ಒಂದು ಚೂರನ್ನು ಎಬ್ಬಿಸಿ, ಅಂಗಿಗೆ ಒರೆಸಿ, ಪಟ್ಟಿಯ ಮೇಲೆಯೇ ಇಟ್ಟ. “ಇದರ ಇನ್ನರ್ಧ ಅವರ ಹೆಬ್ಬಾಗಿಲ ಎಡಮೂಲೇಲಿದೆ. ಕತ್ತರಿಸಿದ್ದು ಇದೇ ಕೈ, ಗೆರೆಗೆ ಗೆರೆ ಕೂಡುತ್ತೆ. ನಡೀರಿ ಸಾರ್, ಜೋಡಿಸಿ ತೋರಿಸ್ತೀನಿ. ಅಲ್ಲಿ ಮಾತ್ರ ನೀವು ಬೂಟು ಬಿಚ್ಚಬೇಕಾಗುತ್ತೆ.”