ಮೂರು ನಿಮಿಷದ ನಿಯಮ

ಕರೀಮ ಸಾಬ ನೀರು ಮಾರಿಕೊಳ್ಳುತ್ತಿದ್ದಾನೆ ಎಂಬುದರಲ್ಲಿ ಬೀದರಿನ ಮೈಲೂರು ಬಡಾವಣೆಯ ಆ ಓಣಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾರಿಗೆ ಮಾರುತ್ತಿದ್ದಾನೆ ಎಂಬುದಷ್ಟೇ ಚರ್ಚೆ. ಹೋಟೆಲಿಗೆ ಎಂದರು ಕೆಲವರು, ಕಟ್ಟಡದ ಗುತ್ತೇದಾರನಿಗೆ ಎಂದರು ಕೆಲವರು. ಯಾರಿಗಾದರೂ ಮಾರಲಿ, ಅವನ ಟ್ಯಾಂಕರಿಗೆ ತೂತು ಬೀಳಲಿ ಎಂದು ಗುಂಡಮ್ಮ ದಿನಾ ದೇವರ ಮುಂದೆ ಹೇಳಿಕೊಳ್ಳುತ್ತಿದ್ದಳು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಔರಾದ, ಭಾಲ್ಕಿ ಕಡೆ ಮನೆಮನೆಗೆ ಕೀಲಿ ಬಿದ್ದು ಜನ ಹೈದರಾಬಾದು, ಪುಣೆಯ ದಾರಿ ಹಿಡಿದಿದ್ದರು. ಗುಂಡಮ್ಮನ ಮಗನೂ ಸೊಸೆಯೂ ಗೌಂಡಿ ಕೆಲಸಕ್ಕೆಂದು ಪುಣೆಗೆ ಹೋಗಿ, ಏಳು ವರ್ಷದ ಮಗಳನ್ನು ಇವಳ ಮಡಿಲಿಗೆ ಹಾಕಿದ್ದರು. ಬೀದರಿನ ಟ್ಯಾಂಕರುಗಳೆಲ್ಲ ಹಳ್ಳಿಗಳ ಕಡೆ ಓಡುತ್ತಿದ್ದವು. ಓಣಿಗೆ ಉಳಿದದ್ದು ಕರೀಮ ಸಾಬನ ಮುದಿ ಲಾರಿ ಒಂದೇ. ವಾರಕ್ಕೆರಡು ಸಲ, ಹೊತ್ತಿಲ್ಲ ಗೊತ್ತಿಲ್ಲ, ಬಂದಾಗ ಬಂತು.

ಬಂದರೆ ಓಣಿಯ ಮೇಲ್ತುದಿಯಲ್ಲಿ, ಶಾಲೆಯ ಗೇಟಿನ ಮುಂದೆ ನಿಲ್ಲುತ್ತಿತ್ತು. ಇಂಜಿನ್ ಬಂದ್ ಮಾಡಿದರೆ ಬ್ಯಾಟರಿ ಮತ್ತೆ ಎತ್ತುವುದಿಲ್ಲವೆಂದು ಕರೀಮ ಸಾಬ ಅದನ್ನು ತಾಸುಗಟ್ಟಲೆ ಗುಡುಗಿಸುತ್ತಿದ್ದ. ಮನೆಮನೆಯ ಪಾತ್ರೆ ಪಡಗಗಳು ನಡುಗುತ್ತಿದ್ದವು. ಧಾರಾವಾಹಿಯ ಅತ್ತೆ ಸೊಸೆಗೆ ಏನೆಂದಳೋ ಕೇಳುತ್ತಿರಲಿಲ್ಲ. ಮಲಗಿದವರು ಬೈದುಕೊಂಡು ಏಳುತ್ತಿದ್ದರು. ಹೊಗೆಯಂತೂ ನೇರ ಎರಡನೇ ತರಗತಿಯ ಕಿಟಕಿಗೆ ನುಗ್ಗುತ್ತಿತ್ತು. ಗುಂಡಮ್ಮನ ಮೊಮ್ಮಗಳು ಮನೆಗೆ ಬಂದರೆ ಬರೀ ಕೆಮ್ಮು.

ಆ ಕೆಮ್ಮು ಕೇಳಿ ಕರಗಿದವರು ಕಸ್ತೂರಿಬಾಯಿಯವರು. ಓಣಿಯ ಕೆಳತುದಿಯ ದೊಡ್ಡ ಮನೆ ಅವರದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೂ ಊರ ಮಕ್ಕಳ ಎದೆಯ ಚಿಂತೆ. ನಗರಸಭೆಗೆ ಹತ್ತು ಸಲ ಅಲೆದು ನಿಯಮ ತಂದೇ ಬಿಟ್ಟರು: ಶಾಲೆ, ಮನೆಗಳ ಹತ್ತಿರ ಡೀಸೆಲ್ ಗಾಡಿ ಮೂರು ನಿಮಿಷಕ್ಕಿಂತ ಹೆಚ್ಚು ಇಂಜಿನ್ ಚಾಲೂ ಇಟ್ಟು ನಿಲ್ಲುವಂತಿಲ್ಲ. ಹಾರ್ನ್ ಕೂಡದು. ಮೀರಿದರೆ ದಂಡ. ಅರ್ಜಿಯ ಮೇಲೆ ಬಿದ್ದ ಮೊದಲ ಹೆಬ್ಬೆಟ್ಟು ಗುಂಡಮ್ಮನದು.

ಬಾಯಿಯವರಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಮಕ್ಕಳ ವಿಷಯದಲ್ಲಿ ಮೂರು ನಿಮಿಷವೂ ಹೆಚ್ಚೇ ಎಂದರು. ದೊಡ್ಡ ರಸ್ತೆಯಲ್ಲೇ ಇಂಜಿನ್ ಬಂದ್ ಮಾಡಿ ಓಣಿಯ ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಬಾ ಎಂದು ಕರೀಮ ಸಾಬನಿಗೆ ತಾಕೀತು ಮಾಡಿದರು. ಬ್ಯಾಟರಿಯ ನೆಪ ಹೇಳಿದ್ದಕ್ಕೆ ತಮ್ಮ ಕೈಯಿಂದಲೇ ಹೊಸದನ್ನು ಹಾಕಿಸಿಕೊಟ್ಟರು. ಓಣಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು.

ಹೊಗೆ ನಿಂತಿತು. ಕೆಮ್ಮೂ ನಿಂತಿತು. ಅದರ ಹಿಂದೆಯೇ ನೀರೂ ನಿಂತಿತು.

ನಿಯಮ ಹಾಕಿಸಿದ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾನೆ ಎಂದು ಓಣಿ ತೀರ್ಮಾನಿಸಿತು. ಒಂದು ದಿನ ಚಹಾದಂಗಡಿಯ ಮುಂದೆ ಅವನು ಸಿಕ್ಕಾಗ ಗುಂಡಮ್ಮ ದಾರಿಗೆ ಅಡ್ಡ ನಿಂತಳು.

"ಏನೋ ಕರೀಮಣ್ಣ, ನಮ್ಮ ಓಣಿ ಮರ್ತಿ ಏನು?"

"ಹ್ಯಾಂಗ ಮರೀಲಿ ಅವ್ವಾ? ವಾರಕ್ಕೆರಡು ಸಲ ಬಂದೇ ಬರ್ತೇನಿ." ಅವನು ಬಶಿಯಲ್ಲಿನ ಚಹಾ ಊದಿ ನಕ್ಕ. "ನಿಮಗ ಇನ್ನ ನಮ್ಮ ನೀರು ಯಾಕ ಬೇಕ್ರಿ?"

ಸುಳ್ಳಿನ ಮೇಲೆ ಕುಚೋದ್ಯ ಬೇರೆ! ಗುಂಡಮ್ಮನ ಮೈಯೆಲ್ಲ ಉರಿಯಿತು. ಅವನ ಏಳು ತಲೆಮಾರನ್ನು ಅಲ್ಲೇ ಎಳೆದು ಝಾಡಿಸಿ ಬಂದಳು.

ಏಪ್ರಿಲ್ ಬಂತು. ಶಾಲೆ ಮುಚ್ಚಿತು. ಬಾಯಿಯವರು ಮಾತ್ರ ದಿನವಿಡೀ ತಮ್ಮ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಹೊಗೆ ಕಾಯುತ್ತಿದ್ದರು. ಯಾರಾದರೂ ಕೇಳಿದರೆ, "ಸಾಲಿಗೆ ಸೂಟಿ ಇದ್ರ ನಿಯಮಕ್ಕೇನು ಸೂಟಿ ಐತೇನ್ರಿ?" ಎನ್ನುತ್ತಿದ್ದರು. ಓಣಿಯ ಬಾಗಿಲುಗಳೆಲ್ಲ ಬಿಸಿಲಿಗೆ ಮುಚ್ಚಿದ ಮೇಲೂ ಅವರ ಕುರ್ಚಿ ಅಲ್ಲೇ ಇರುತ್ತಿತ್ತು.

"ಟ್ಯಾಂಕರ ಬಂದಿತ್ತೇನ್ರಿ ಬಾಯಾರ?" ಗುಂಡಮ್ಮ ಸಂಜೆಗೊಮ್ಮೆ ಹೋಗಿ ವಿಚಾರಿಸುತ್ತಿದ್ದಳು.

"ಗಾಡಿ ಸಪ್ಪಳ ನನ್ನ ಕಿವಿಗಂತೂ ಬಿದ್ದಿಲ್ಲ ನೋಡವ್ವಾ" ಎಂದು ಅವರು ನಿಟ್ಟುಸಿರು ಬಿಡುತ್ತಿದ್ದರು. ಆಮೇಲೆ ನೆಲದೊಳಗಿನ ತಮ್ಮ ಟಾಕಿಯಿಂದ ಒಂದು ಕೊಡ ನೀರು ಎತ್ತಿಸಿ ಕೊಡುತ್ತಿದ್ದರು. ಮನೆಗೆ ಒಂದೇ ಕೊಡ, ಯಾರು ಬಂದರೂ ಇಲ್ಲ ಎನ್ನುತ್ತಿರಲಿಲ್ಲ. "ನಮ್ಮ ಯಜಮಾನರು ಟಾಕಿ ದೊಡ್ಡದು ಕಟ್ಟಿಸ್ಯಾರ. ನಾ ಕೈ ಹಿಡದು ಬಳಸ್ತೇನಿ."

ಹೆಂಗಸರು ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಆ ಬಿಸಿಲಿನಲ್ಲೂ ಅವರ ಅಂಗಳದ ಮಲ್ಲಿಗೆ ಬಳ್ಳಿ ಹೂ ಬಿಡುತ್ತಿತ್ತು. ಅದು ಪುಣ್ಯದ ಫಲ ಎಂದು ಓಣಿಯವರೆಲ್ಲ ಒಪ್ಪಿಕೊಂಡರು. ದಿನಾ ಕೊಡ ಹಿಡಿದು ಆ ಗೇಟಿಗೆ ಹೋಗುವಾಗ ಗುಂಡಮ್ಮನಿಗೆ ನಾಚಿಕೆಯಿಂದ ಕಾಲು ಏಳುತ್ತಿರಲಿಲ್ಲ. ಆ ನಾಚಿಕೆಗೂ ಕರೀಮ ಸಾಬನೇ ಕಾರಣ ಎಂದು ಅವನಿಗೆ ಇನ್ನೊಂದು ಶಾಪ ಹಾಕುತ್ತಿದ್ದಳು.

ಒಂದು ಮಂಗಳವಾರ ಮೊಮ್ಮಗಳಿಗೆ ಜ್ವರ ಏರಿತು. ಹಣೆಯ ಮೇಲಿನ ಬಟ್ಟೆ ಒದ್ದೆ ಮಾಡಲೂ ಮನೆಯಲ್ಲಿ ನೀರಿರಲಿಲ್ಲ. ಸಂಜೆಯವರೆಗೆ ಕಾಯುವಂತಿರಲಿಲ್ಲ. ಗುಂಡಮ್ಮ ನಾಚಿಕೆಯನ್ನು ಮನೆಯಲ್ಲೇ ಬಿಟ್ಟು, ಎರಡನೆಯ ಕೊಡ ಬೇಡಲು ಸುಡು ಮಧ್ಯಾಹ್ನದಲ್ಲಿ ಕೆಳತುದಿಗೆ ಓಡಿದಳು.

ಬಾಯಿಯವರ ಗೇಟಿನ ಮುಂದೆ ಕರೀಮ ಸಾಬನ ಲಾರಿ ನಿಂತಿತ್ತು. ಇಂಜಿನ್ ಬಂದ್. ಸದ್ದಿಲ್ಲ, ಹೊಗೆಯಿಲ್ಲ.

ಸಿಕ್ಕಿಬಿದ್ದ ಕಳ್ಳ! ಗುಂಡಮ್ಮನ ಎದೆ ತುಂಬಿ ಬಂತು. ಒಬ್ಬ ಹೆಂಗಸು, ಒಂಟಿಯಾಗಿ, ಅಷ್ಟು ದೊಡ್ಡ ಲಾರಿಯನ್ನು ತಡೆದು ನಿಲ್ಲಿಸಿದ್ದಾರೆ. ಅವಳು ಕೊಡ ಕೆಳಗಿಟ್ಟಳು. ಬಾಯಿಯವರಿಗೆ ಬೆಂಬಲವಾಗಲೆಂದು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ಲಾರಿಯ ಹಿಂದಿನಿಂದ ಮೆಲ್ಲನೆ ಸುತ್ತಿ ಬಂದಳು.

ಟಾಕಿಯ ಬಾಯಿಗೆ ದಪ್ಪ ಪೈಪು ಹಿಡಿದು ನಿಂತಿದ್ದ ಕರೀಮ ಸಾಬ ಪಾಪ, ಮರುಕದಿಂದ ಕೇಳುತ್ತಿದ್ದ: "ಓಣಿ ಮಂದಿಗೆಲ್ಲಾ ನಳದ ನೀರು ಬಂದಾವಂತ ನೀವೇ ಹೇಳಿದ್ರಿ ಬಾಯಾರ, ನಿಮ್ಮ ಮನಿಗಷ್ಟೇ ಯಾಕ ಇನ್ನಾ ಬಂದಿಲ್ರಿ?"