ಕಿವಿಚೀಲದಲ್ಲಿ ಜಾಗ

"ಒಂದ ಮಾತಿಗಷ್ಟ ಜಾಗಾ ಐತಿ, ಲಗೂನ ಹೇಳು," ಎಂದ ಚನ್ನವೀರ, ಕಿವಿಯ ಹಿಂದೆ ಉಬ್ಬಿದ ಚೀಲವನ್ನು ಸವರಿಕೊಳ್ಳುತ್ತ.

ಕೇಳಿದ ಮಾತು ಎಲ್ಲರಿಗೂ ಅಲ್ಲೇ ಕೂಡುತ್ತದೆ. ಚೀಲ ತುಂಬಿದವರಿಗೆ ಹೇಳುವಂತಿಲ್ಲ, ಜಾಗವಾಗುವತನಕ ಕಾಯಬೇಕು. ಹೆಂಡತಿ ನೀಲವ್ವ ಮೂರು ದಿನದಿಂದ ಕಾದಿದ್ದಳು. ಅವನೋ ಚಹಾದಂಗಡಿಯ ಚಾಡಿಯನ್ನೆಲ್ಲ ತುಂಬಿಕೊಂಡೇ ಮನೆಗೆ ಬರುತ್ತಿದ್ದ. ಚೀಲದಿಂದ ಹಳಸಿದ ಸಾರಿನ ನಾತ ಬೇರೆ.

ಎದೆಯಲ್ಲಿ ಕೈಗೆ ಸಿಕ್ಕಿದ್ದು, ಡಾಕ್ಟರು ಗಂಡನನ್ನು ಕರೆತಾ ಎಂದದ್ದು, ಎಲ್ಲ ಬಿಟ್ಟು ಅವಳು ಒಂದೇ ಮಾತು ಆರಿಸಿದಳು. "ಗಂಟು."

"ಹಾಂ, ತುಂಬಿತು. ಉಳದದ್ದು ನಾಳಿ."

"ಚೀಲಾ ಹಿಂಡಿಬಿಡ್ರಿ, ಪೂರಾ ಹೇಳ್ತೀನಿ."

"ಹಿಂಡಿದ್ರ ನೋಯ್ತೈತಿ ಮಾರಾಯ್ತಿ!"

ಅಷ್ಟರಲ್ಲಿ ಬೀದಿಯಿಂದ ಪಕ್ಕದ ಮನೆಯ ಫಕೀರಪ್ಪ ಕೂಗಿದ. "ಚನ್ನವೀರಣ್ಣಾ, ದೇಸಾಯರ ಸೊಸಿ ಸುದ್ದಿ ಕೇಳಿದೇನು?"

"ತಡಿಯೋ, ಜಾಗಾ ಮಾಡ್ಕೊಂಡ ಬಂದೆ!"

ಚನ್ನವೀರ ಅವಳು ಆಗಷ್ಟೇ ತೊಳೆದಿಟ್ಟ ಅನ್ನದ ಪಾತೆಲಿಗೆ ಬಗ್ಗಿ, ಎರಡೂ ಕೈಯಿಂದ ಚೀಲ ಹಿಂಡಿ, ಹೊರಗೋಡಿದ. ಹಳದಿ ಲೋಳೆಯಲ್ಲಿ ಮಾತುಗಳು ನೆನೆದ ಕಡಲೆಯಂತೆ ಊದಿ ತೇಲುತ್ತಿದ್ದವು. ಎಲ್ಲಕ್ಕಿಂತ ಮೇಲೆ, ಇನ್ನೂ ಬೆಚ್ಚಗೆ, ಅವಳದೇ 'ಗಂಟು'.

ನೀಲವ್ವ ಮೂಗು ಮುಚ್ಚಿ, ಎರಡು ಬೆರಳಿನಿಂದ ಅದನ್ನೆತ್ತಿ, ತೊಳೆದು, ಸೆರಗಿಗೆ ಕಟ್ಟಿಕೊಂಡು, ಒಬ್ಬಳೇ ಆಸ್ಪತ್ರೆಯ ಬಸ್ಸು ಹತ್ತಿದಳು.